ಗುಡಿಯ ಚರಿತ್ರೆ, ಊರಿನ ನುಡಿ: ಸಾಂಗ್ಲಿ–ಮಿರಜ ಸೀಮೆಯ ಸ್ಥಳಚರಿತ್ರೆಗಳನ್ನು ಓದುವ ಬಗೆ

1

ಊರಿನ ಆರಾಧನಾ ಸ್ಥಳವೊಂದರ ಚರಿತ್ರೆಯನ್ನು ಹೇಳುವ ಕಿರುಹೊತ್ತಿಗೆಗಳು ಸಾಹಿತ್ಯ ವಿಮರ್ಶೆಯ ಕಣ್ಣಿಗೆ ಬೀಳುವುದು ಅಪರೂಪ. ಜಾತ್ರೆಯ ಅಂಗಡಿಗಳಲ್ಲಿ ತೆಂಗಿನಕಾಯಿ, ವಿಭೂತಿ, ದೇವರ ಪಟಗಳ ನಡುವೆ ಮಾರಾಟವಾಗುವ ಮಾಹಾತ್ಮ್ಯೆಗಳನ್ನು ಭಕ್ತರು ಕೊಂಡು ಓದುತ್ತಾರೆ; ವಿದ್ವಾಂಸರು ಅವುಗಳನ್ನು ಆಕರವೆಂದು ಒಪ್ಪುವುದಿಲ್ಲ, ಸಾಹಿತ್ಯವೆಂದೂ ಒಪ್ಪುವುದಿಲ್ಲ. ಯುರೋಪಿನಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿಲ್ಲ. ವೇಲ್ಸ್ ಪ್ರಾಂತದ ಹಳ್ಳಿಗಳಲ್ಲಿ ಪ್ಯಾರಿಷ್ ಚರ್ಚಿನ ಬಾಗಿಲ ಬಳಿ ಇಟ್ಟಿರುವ ಚರಿತ್ರೆಯ ಪುಸ್ತಿಕೆಗಳಿಗೆ ಒಂದು ಸಿದ್ಧ ಚೌಕಟ್ಟಿದೆ: ಮೊದಲು ಸ್ಥಾಪಕ ಸಂತನ ಕಥೆ, ಅನಂತರ ಗೋಡೆ, ಗಂಟೆ, ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ, ಅಂಗಳದ ಹಳೆಯ ಮರ, ಜೀರ್ಣೋದ್ಧಾರದ ವರ್ಷಗಳು, ಕೊನೆಗೆ ಶತಮಾನಗಳುದ್ದಕ್ಕೂ ಅಲ್ಲಿ ಸೇವೆ ಸಲ್ಲಿಸಿದ ಪಾದ್ರಿಗಳ ಪಟ್ಟಿ. ಕನ್ನಡ ಮತ್ತು ಮರಾಠಿಯ ಸ್ಥಳಮಾಹಾತ್ಮ್ಯೆಗಳಿಗೂ ಹೀಗೆಯೇ ಒಂದು ಚೌಕಟ್ಟಿದೆ: ಅವತಾರ, ಪವಾಡ, ರಾಜಾಶ್ರಯ, ಜೀರ್ಣೋದ್ಧಾರ, ಜಾತ್ರೆಯ ವಿಧಿ.

ಎರಡು ಚೌಕಟ್ಟುಗಳೂ ನಿರಂತರತೆಯನ್ನು ಹೇಳಲೆಂದೇ ರೂಪುಗೊಂಡವು. ಸ್ಥಳ ಒಂದೇ, ದೈವ ಒಂದೇ, ಆದುದರಿಂದ ಜನವೂ ಒಂದೇ ಎಂಬ ಸೂಚನೆ ಅವುಗಳ ಸಾಲುಸಾಲಿನಲ್ಲಿದೆ. ಆದರೆ ಕಟ್ಟಡದ ನಿರಂತರತೆ ಬೇರೆ, ಅದರೊಳಗೆ ನುಡಿದ ಭಾಷೆಯ ನಿರಂತರತೆ ಬೇರೆ. ಅಲ್ಪಸಂಖ್ಯಾತ ಭಾಷೆಯೊಂದರ ದೃಷ್ಟಿಯಿಂದ ಇಂತಹ ಚರಿತ್ರೆಗಳನ್ನು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಸ್ಥಳ ಯಾವ ಯಾವ ಕಾಲದಲ್ಲಿ ಯಾರೊಡನೆ ಯಾವ ನುಡಿಯಲ್ಲಿ ಮಾತನಾಡಿತು? ಆ ಮಾತನ್ನು ಚರಿತ್ರೆ ಬರೆದವರು ಕೇಳಿಸಿಕೊಂಡರೇ? ಸಾಂಗ್ಲಿ–ಮಿರಜ ಸೀಮೆಯ ಮಟ್ಟಿಗೆ ಈ ಪ್ರಶ್ನೆ ಕುತೂಹಲದ್ದಲ್ಲ. ಅಲ್ಲಿ ಕಲ್ಲಿನ ಮೇಲೆ ಕನ್ನಡವಿದೆ, ಜನರ ಬಾಯಲ್ಲಿಯೂ ಕನ್ನಡವಿದೆ. ಚರಿತ್ರೆಯ ಪುಟಗಳಲ್ಲಿ ಮಾತ್ರ ಇವೆರಡೂ ಒಂದೆಡೆ ಸೇರಿಲ್ಲ.

2

ವೇಲ್ಸಿನ ಉದಾಹರಣೆ ಇಲ್ಲಿ ನೆರವಾಗುತ್ತದೆ. ಲ್ಯಾನ್‌ರೈಯಾಡರ್ ಎಂಬ ಗುಡ್ಡಗಾಡಿನ ಹಳ್ಳಿಗೆ ವಿಲಿಯಂ ಮಾರ್ಗನ್ 1578ರಲ್ಲಿ ಪ್ಯಾರಿಷ್ ಪಾದ್ರಿಯಾಗಿ ಬಂದನು. ಆತನು ವೆಲ್ಷ್ ಭಾಷೆಗೆ ಅನುವಾದಿಸಿದ ಸಂಪೂರ್ಣ ಬೈಬಲ್ 1588ರಲ್ಲಿ ಅಚ್ಚಾಯಿತು. ವೆಲ್ಷ್ ಗದ್ಯಕ್ಕೆ ಒಂದು ಸ್ಥಿರವಾದ ಗ್ರಾಂಥಿಕ ರೂಪ ದೊರೆತದ್ದು ಈ ಅನುವಾದದಿಂದ ಎಂಬುದು ಸರ್ವಸಮ್ಮತ. ಇದನ್ನು ಹಳ್ಳಿಯ ಚರ್ಚೊಂದು ಭಾಷೆಯನ್ನು ಉಳಿಸಿದ ಕಥೆಯಾಗಿ ಹೇಳುವುದು ಸುಲಭ. ಆದರೆ ಅದರ ಹಿಂದಿರುವ 1563ರ ಕಾನೂನನ್ನು ಓದಿದರೆ ಕಥೆ ಅಷ್ಟು ಸರಳವಾಗಿ ಉಳಿಯುವುದಿಲ್ಲ. ವೆಲ್ಷ್ ಅನುವಾದಕ್ಕೆ ಅಪ್ಪಣೆ ಕೊಟ್ಟ ಅದೇ ಶಾಸನವು ಚರ್ಚುಗಳಲ್ಲಿ ಇಂಗ್ಲಿಷ್ ಬೈಬಲನ್ನೂ ಅದರ ಪಕ್ಕದಲ್ಲಿಡಬೇಕೆಂದು ವಿಧಿಸಿತ್ತು. ಎರಡನ್ನೂ ಹೋಲಿಸಿ ಓದುವ ಜನ ಬೇಗ ಇಂಗ್ಲಿಷ್ ಕಲಿಯಲಿ ಎಂಬುದು ಅದರ ಉದ್ದೇಶ. ಪ್ರಭುತ್ವ ಬಯಸಿದ್ದು ಒಂದು, ಆದದ್ದು ಇನ್ನೊಂದು. ಇಂಗ್ಲಿಷಿಗೆ ಏಣಿಯಾಗಲೆಂದು ಇಟ್ಟ ಪುಸ್ತಕವೇ ವೆಲ್ಷ್ ನುಡಿಗೆ ಅಡಿಗಲ್ಲಾಯಿತು.

ಪುಸ್ತಕವೊಂದೇ ಸಾಲಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲ್ಯಾಂಡೌರರ್ ಎಂಬ ಇನ್ನೊಂದು ಹಳ್ಳಿಯ ಪಾದ್ರಿ ಗ್ರಿಫಿತ್ ಜೋನ್ಸ್ ಸಂಚಾರಿ ಶಾಲೆಗಳನ್ನು ಆರಂಭಿಸಿದನು. ಹೊಲದ ಕೆಲಸ ಕಡಿಮೆಯಿರುವ ಕೆಲವು ತಿಂಗಳು ಒಂದು ಊರಿನಲ್ಲಿ ನಿಂತು, ಮಕ್ಕಳಿಗೂ ದೊಡ್ಡವರಿಗೂ ಅವರ ನುಡಿಯಲ್ಲೇ ಓದಲು ಕಲಿಸಿ, ಶಾಲೆ ಮುಂದಿನ ಊರಿಗೆ ಹೊರಡುತ್ತಿತ್ತು. 1761ರಲ್ಲಿ ಆತ ತೀರಿಕೊಳ್ಳುವ ವೇಳೆಗೆ ಲಕ್ಷಕ್ಕೂ ಮಿಕ್ಕಿದವರು ಈ ಶಾಲೆಗಳ ಮೂಲಕ ಅಕ್ಷರ ಕಲಿತಿದ್ದರು. ಆರಾಧನೆಯ ಭಾಷೆ ಓದಿನ ಭಾಷೆಯೂ ಆದದ್ದು ಇಲ್ಲಿ. ಕೇಳಿ ಹಾಡುವ ಭಾಷೆ ಮತ್ತು ಕಣ್ಣಿಟ್ಟು ಓದುವ ಭಾಷೆ ಇವುಗಳ ನಡುವಿನ ಅಂತರವನ್ನು ದಾಟಿದ ನುಡಿಗೆ ಮುಂದಿನ ಪೆಟ್ಟುಗಳನ್ನು ತಾಳಿಕೊಳ್ಳುವ ಬಲ ಬಂತು. 1847ರಲ್ಲಿ ಲಂಡನ್ನಿನ ಸರಕಾರ ನೇಮಿಸಿದ ಶಿಕ್ಷಣ ಸಮೀಕ್ಷಕರು ವೆಲ್ಷ್ ಭಾಷೆಯೇ ಜನರ ಹಿಂದುಳಿಯುವಿಕೆಗೆ ಕಾರಣವೆಂದು ವರದಿ ಬರೆದಾಗ, ಅದನ್ನು ಓದಿ ಸಿಟ್ಟಾಗಿ ಉತ್ತರ ಕೊಡಬಲ್ಲ ವೆಲ್ಷ್ ಓದುಗವರ್ಗವೊಂದು ಆಗಲೇ ಸಿದ್ಧವಾಗಿತ್ತು.

ಇಷ್ಟಾಗಿಯೂ ಪ್ಯಾರಿಷ್ ಚರ್ಚಿನ ಚರಿತ್ರೆ ಒಂದು ಸಂಗತಿಯನ್ನು ಸಾಮಾನ್ಯವಾಗಿ ಮೆಲುದನಿಯಲ್ಲಿ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಳ್ಳಿಗಳ ಬಹುಪಾಲು ಜನ ಪ್ಯಾರಿಷ್ ಚರ್ಚನ್ನು ಬಿಟ್ಟು, ತಮ್ಮ ನುಡಿಯಲ್ಲಿ ಪ್ರಾರ್ಥನೆ ನಡೆಸುವ ಸ್ವತಂತ್ರ ಪಂಥಗಳ ಚಾಪೆಲ್‌ಗಳಿಗೆ ಹೋದರು. ಕೊನೆಗೆ 1914ರ ಕಾನೂನಿನಂತೆ, 1920ರಿಂದ ಜಾರಿಗೆ ಬರುವ ಹಾಗೆ, ಅಲ್ಲಿನ ಆಂಗ್ಲಿಕನ್ ಚರ್ಚು ರಾಜಮಾನ್ಯ ಚರ್ಚಾಗಿ ಉಳಿಯಲಿಲ್ಲ. ಪಾದ್ರಿಗಳ ಪಟ್ಟಿಯಲ್ಲಿ ಒಂದು ಸಾಲೂ ಖಾಲಿಯಿಲ್ಲ. ಪೀಠಗಳಲ್ಲಿ ಕುಳಿತವರ ಸಂಖ್ಯೆ ಮಾತ್ರ ಇಳಿದಿತ್ತು. ಪಟ್ಟಿಯ ನಿರಂತರತೆಯನ್ನೇ ಊರಿನ ನಿರಂತರತೆಯೆಂದು ತಿಳಿಯುವ ಚರಿತ್ರೆ ಈ ಬಿರುಕನ್ನು ಕಾಣದು.

3

ಮಿರಜದ ವಿಷಯಕ್ಕೆ ಬಂದರೆ ಬಿರುಕು ಇನ್ನೂ ಹಳೆಯದು. ಕೊಲ್ಲಾಪುರದ ಶಿಲಾಹಾರರ ಕಾಲದಲ್ಲಿ ಈ ಸೀಮೆ ಮಿರಿಂಜೆ ನಾಡು. ಗಂಡರಾದಿತ್ಯನು ಮಿರಿಂಜೆ ನಾಡಿನ ಇರುಕುಡಿ ಎಂಬ ಗ್ರಾಮದಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಡದಲ್ಲಿ ಶಿವ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಾಪಿಸಿ ದತ್ತಿ ಬಿಟ್ಟ ಸಂಗತಿಯನ್ನು 1110ರ ತಾಮ್ರಪಟ ತಿಳಿಸುತ್ತದೆ. ಹನ್ನೆರಡನೆಯ ಶತಮಾನದ ನಡುಭಾಗದ ಮಿರಜದ ಶಿಲಾಶಾಸನ ಕನ್ನಡದಲ್ಲಿದೆ. ಅಯ್ಯಾವೊಳೆಯ ಐನೂರ್ವರ ಸಂಪ್ರದಾಯದ ವರ್ತಕರು ಸಭೆ ಸೇರಿ ದೇವಾಲಯಕ್ಕೆ ದಾನಕೊಟ್ಟ ವಿವರ ಅದರದು. ಕೃಷ್ಣೆಯ ಈ ದಂಡೆಯಲ್ಲಿ ಮಾರುಕಟ್ಟೆ, ಕೆರೆ, ಗುಡಿ ಮೂರೂ ಒಂದೇ ನುಡಿಯಲ್ಲಿ ದಾಖಲಾಗುತ್ತಿದ್ದ ಕಾಲವದು.

ಈ ಶಾಸನಗಳು ಎರಡು ಬಗೆಯ ಓದಿಗೆ ಒಳಗಾಗಿವೆ. ಮೊದಲನೆಯದು ಗಡಿಯ ಓದು. ಜಾನ್ ಫೈಥ್‌ಫುಲ್ ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆ ಮುಂಬಯಿ ಆಧಿಪತ್ಯದ ದಕ್ಷಿಣ ಭಾಗದ ಶಾಸನಗಳು ಕನ್ನಡ ವಿದ್ವಾಂಸರ ಆಸಕ್ತಿಯ ಕೇಂದ್ರಕ್ಕೆ ಬಂದವು. ಏಕೀಕರಣದ ಚಳವಳಿಯ ವರ್ಷಗಳಲ್ಲಿ ಶಂ. ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ ಈ ಆಸಕ್ತಿಗೆ ಒಂದು ಹೆಸರನ್ನೇ ಕೊಟ್ಟಿತು. ಸ್ಥಳನಾಮ, ಕುಲನಾಮ, ದೈವನಾಮಗಳ ಒಳಗೆ ಅಡಗಿರುವ ಕನ್ನಡವನ್ನು ಹುಡುಕಿ ತೆಗೆಯುವ ಅವರ ವಿಧಾನದ ಹರಹು ದೊಡ್ಡದು. ಮಹಾರಾಷ್ಟ್ರದ ಸಂಸ್ಕೃತಿಯನ್ನು ಕನ್ನಡದ ನೆರವಿಲ್ಲದೆ ಅರಿಯಲಾಗದು ಎಂಬುದನ್ನು ಅವರು ಮರಾಠಿಯಲ್ಲಿಯೇ ಬರೆದು ಮರಾಠಿ ಓದುಗರ ಮುಂದಿಟ್ಟರು. ರಾ. ಚಿಂ. ಢೇರೆಯವರು 1984ರಲ್ಲಿ ‘ಶ್ರೀ ವಿಠ್ಠಲ: ಏಕ್ ಮಹಾಸಮನ್ವಯ’ದಲ್ಲಿ ಪಂಢರಪುರದ ದೈವದ ಕನ್ನಡ ಬೇರುಗಳನ್ನು ವಿಸ್ತಾರವಾಗಿ ಚರ್ಚಿಸಿದಾಗ ಆ ಸಂವಾದಕ್ಕೆ ಮರಾಠಿಯ ಕಡೆಯಿಂದ ತಕ್ಕ ಉತ್ತರ ಸಿಕ್ಕಿತೆನ್ನಬೇಕು.

ಆದರೂ ಜೋಶಿಯವರ ಶೀರ್ಷಿಕೆಯನ್ನೇ ವಿಮರ್ಶೆಗೆ ಒಡ್ಡಬೇಕಾಗಿದೆ. ‘ಕಣ್ಮರೆ’ ಎಂಬ ರೂಪಕದಲ್ಲಿ ಒಂದು ಪೂರ್ವಗ್ರಹವಿದೆ: ಕನ್ನಡ ಇಲ್ಲಿ ಇತ್ತು, ಈಗಿಲ್ಲ, ಉಳಿದಿರುವುದು ಕುರುಹು ಮಾತ್ರ. ಪುಣೆ, ನಾಸಿಕಗಳ ಮಟ್ಟಿಗೆ ಈ ರೂಪಕ ಸರಿಯಾಗಬಹುದು. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಂದಿಗೂ ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ನಡೆಯುವುದು ಕನ್ನಡವೇ. ಅಲ್ಲಿಯ ಕನ್ನಡ ಕಣ್ಮರೆಯಾಗಿಲ್ಲ, ನೋಡುವವರ ಕಣ್ಣು ಬೇರೆ ಕಡೆಗಿದೆ. ಕುರುಹನ್ನು ಹುಡುಕುವ ವಿದ್ವತ್ತಿಗೆ ಬದುಕಿರುವ ನುಡಿ ಆಕರವಾಗಿ ಕಾಣದೆ ಹೋಗುವುದು ಈ ಪರಂಪರೆಯ ದೊಡ್ಡ ಮಿತಿ. ಶಾಸನದ ಕನ್ನಡ ‘ನಮ್ಮದು’ ಎಂದು ಘೋಷಿಸುವ ಉತ್ಸಾಹ, ಅದೇ ಊರಿನ ಕನ್ನಡ ಸಾಲೆಯ ಮಗುವಿಗೆ ಪುಸ್ತಕ ತಲುಪಿತೇ ಎಂದು ವಿಚಾರಿಸುವಲ್ಲಿ ಕಾಣುವುದಿಲ್ಲ.

ಎರಡನೆಯದು ಮರೆವಿನ ಓದು. ಮಾಹಾತ್ಮ್ಯೆಗಳಲ್ಲಿ ಶಾಸನ ಒಂದು ‘ಪ್ರಾಚೀನ ಲೇಖ’ವಾಗುತ್ತದೆ, ಗುಡಿ ಹಳೆಯದೆಂಬುದಕ್ಕೆ ಅದು ಸಾಕ್ಷಿ, ಅದರ ಭಾಷೆ ಯಾವುದೆಂಬುದು ಮುಖ್ಯವಲ್ಲ. ವಾ. ವಿ. ಮಿರಾಶಿಯವರು 1977ರಲ್ಲಿ ಶಿಲಾಹಾರರ ಶಾಸನಗಳನ್ನು ಒಂದೇ ಸಂಪುಟದಲ್ಲಿ ಸಂಪಾದಿಸಿದ ಮೇಲೆ ಪಾಠಗಳು ವಿದ್ವಾಂಸರ ಕೈಗೆಟುಕಿದವು. ಅವು ಊರಿಗೆ ಮರಳಲಿಲ್ಲ. ಎಂಟುನೂರು ವರ್ಷಗಳಿಗೂ ಹಿಂದೆ ಆ ಊರಿನವರನ್ನೇ ಉದ್ದೇಶಿಸಿ ಕೊರೆಸಿದ ಮಾತನ್ನು ಇಂದು ಆ ಊರಿನವರು ಓದಲಾರರು.

ಈ ಎರಡೂ ಓದುಗಳು ತಪ್ಪಿಸಿಕೊಳ್ಳುವುದು ಶಾಸನದ ಸ್ವರೂಪವನ್ನು. ದಾನಶಾಸನವೆಂದರೆ ಗಡಿಕಲ್ಲಲ್ಲ, ಒಪ್ಪಂದ. ಯಾರು ಏನು ಕೊಟ್ಟರು, ಭೂಮಿಯ ಎಲ್ಲೆ ಯಾವುದು, ಪೂಜೆಗೆ, ನಂದಾದೀಪಕ್ಕೆ, ಅನ್ನದಾನಕ್ಕೆ ಯಾವ ಆದಾಯ, ಅದನ್ನು ಕಾಯುವವರು ಯಾರು ಎಂದು ಅದು ವಿವರಿಸುತ್ತದೆ. ಕಾದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಶಾಪವನ್ನೂ ಹೇಳಿ ಮುಗಿಯುತ್ತದೆ. ಮುಂದೆ ಬರಲಿರುವ, ಇನ್ನೂ ಹುಟ್ಟದ ನೆರೆಹೊರೆಯವರನ್ನು ಅದು ಸಂಬೋಧಿಸುತ್ತದೆ. ಅವರ ನುಡಿ ಬದಲಾದರೂ ಒಪ್ಪಂದದ ಹೊಣೆ ಬದಲಾಗದು. ವೇಲ್ಸಿನ ಸಮುದ್ರದಂಚಿನ ಅಬರ್ಡಾರನ್ ಹಳ್ಳಿಯ ಚರ್ಚಿನೊಳಗೆ ಐದು–ಆರನೆಯ ಶತಮಾನದ ಎರಡು ಸಮಾಧಿಕಲ್ಲುಗಳಿವೆ. ವೆರಾಸಿಯುಸ್, ಸೆನಾಕುಸ್ ಎಂಬ ಇಬ್ಬರು ಪಾದ್ರಿಗಳ ನೆನಪಿಗೆ ನಿಲ್ಲಿಸಿದ ಆ ಕಲ್ಲುಗಳ ಬರಹ ಲ್ಯಾಟಿನ್. ಅದನ್ನು ಆಧಾರವಾಗಿಸಿ ಹಳ್ಳಿ ರೋಮಿಗೆ ಸೇರಬೇಕೆಂದು ಯಾರೂ ವಾದಿಸುವುದಿಲ್ಲ. ಬರಹ ವೆಲ್ಷ್ ಅಲ್ಲವೆಂದು ಅದನ್ನು ಮರೆಮಾಚುವವರೂ ಇಲ್ಲ. 1967ರಿಂದ 1978ರವರೆಗೆ ಅಲ್ಲಿ ಪಾದ್ರಿಯಾಗಿದ್ದ ಆರ್. ಎಸ್. ಥಾಮಸ್ ಇಂಗ್ಲಿಷಿನಲ್ಲಿ ಕವಿತೆ ಬರೆದವನು, ವೆಲ್ಷನ್ನು ದೊಡ್ಡವನಾದ ಮೇಲೆ ಕಲಿತವನು, ಆ ನುಡಿಯ ಅಳಿವನ್ನು ಕುರಿತು ಕೊನೆಯವರೆಗೂ ಕಟುವಾಗಿ ಮಾತನಾಡಿದವನು. ಲ್ಯಾಟಿನ್ ಕಲ್ಲು, ವೆಲ್ಷ್ ಪ್ರಾರ್ಥನೆ, ಇಂಗ್ಲಿಷ್ ಕವಿತೆ ಮೂರೂ ಒಂದೇ ಚರ್ಚಿನ ಚರಿತ್ರೆ. ಒಂದನ್ನು ತೆಗೆದರೆ ಉಳಿದೆರಡರ ಅರ್ಥ ಕುಗ್ಗುತ್ತದೆ.

4

ಮಿರಜದ ಕ್ರೈಸ್ತ ಚರಿತ್ರೆ ಈ ಪ್ರಶ್ನೆಯನ್ನು ಇನ್ನೊಂದು ಬದಿಯಿಂದ ಎತ್ತುತ್ತದೆ. ರಾಯಲ್ ವೈಲ್ಡರ್ 1852ರಲ್ಲಿ ಕೊಲ್ಲಾಪುರದಲ್ಲಿ ಆರಂಭಿಸಿದ ಕೆಲಸ ಮುಂದೆ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನದಾಯಿತು. ಆ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದರು. ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಬಾಸೆಲ್ ಮಿಷನ್ 1837ರಿಂದ ಧಾರವಾಡದಲ್ಲಿ, ಅನಂತರ ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ ಕನ್ನಡವನ್ನು ತನ್ನ ಕಾರ್ಯಭಾಷೆಯಾಗಿ ಸ್ವೀಕರಿಸಿತ್ತು. ಕೊಲ್ಲಾಪುರ, ಸಾಂಗ್ಲಿ, ಮಿರಜಗಳ ಅಮೆರಿಕನ್ ಮಿಷನ್ ಮರಾಠಿಯನ್ನು ಸ್ವೀಕರಿಸಿತು. ರಾಜ್ಯ ಪುನರ್ವಿಂಗಡಣೆಗೆ ಅರ್ಧ ಶತಮಾನಕ್ಕೂ ಮೊದಲೇ ಧರ್ಮಪ್ರಚಾರದ ಕ್ಷೇತ್ರಗಳು ಭಾಷೆಯ ಗೆರೆಯೊಂದನ್ನು ಎಳೆದಿದ್ದವು. ಯಾವ ಚರ್ಚಿನಲ್ಲಿ ಯಾವ ಭಾಷೆಯ ಗೀತೆ ಎಂಬುದನ್ನು ನಿರ್ಧರಿಸುವಲ್ಲಿ ಸುತ್ತಲಿನ ಹಳ್ಳಿಗಳ ಆಡುಮಾತಿನಷ್ಟೇ ಪಾಲು ಮಿಷನ್ನಿನ ಆಡಳಿತಕ್ಕೂ ಇತ್ತು.

ಮಿರಜದ ಮಿಷನ್ನಿನ ಚರಿತ್ರೆಯನ್ನು ಸಾಮಾನ್ಯವಾಗಿ ವೈದ್ಯನ ಜೀವನಚರಿತ್ರೆಯಾಗಿ ಹೇಳಲಾಗುತ್ತದೆ: ಶಸ್ತ್ರಚಿಕಿತ್ಸೆಯ ಖ್ಯಾತಿ, ವೈದ್ಯಶಿಕ್ಷಣ, ಕ್ಷಯರೋಗದ ಆರೋಗ್ಯಧಾಮ, 1928ರಲ್ಲಿ ಬ್ರಿಟಿಷ್ ಸರಕಾರ ಕೊಟ್ಟ ‘ಸರ್’ ಪದವಿ. ಈ ಸಾಧನೆ ಅಲ್ಪದ್ದಲ್ಲ. ಆದರೆ ಪಾದ್ರಿಗಳ ಪಟ್ಟಿಯಂತೆಯೇ ವೈದ್ಯರ ಪಟ್ಟಿಯೂ ಎದುರಿಗೆ ಕುಳಿತವರನ್ನು ಮರೆಸಬಲ್ಲದು. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಹಳ್ಳಿಗಳಲ್ಲಿ ‘ಮಿರಜಕ್ಕೆ ಒಯ್ಯಬೇಕು’ ಎಂಬ ಮಾತಿಗೆ ಕಾಯಿಲೆ ದೊಡ್ಡದು ಎಂಬ ಅರ್ಥ ತಾನಾಗಿ ಬಂದಿದೆ. ರೈಲು ಕೂಡುವ ಈ ಪಟ್ಟಣಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದ ಕನ್ನಡಿಗ ರೋಗಿಗಳು ತಮ್ಮ ನೋವನ್ನು ಹೇಳಿಕೊಂಡದ್ದು ಕನ್ನಡದಲ್ಲಿ. ನೋವನ್ನು ಕೇಳಿಸಿಕೊಳ್ಳುವ ಭಾಷೆ ಮತ್ತು ಪ್ರಾರ್ಥಿಸುವ ಭಾಷೆ ಬೇರೆಯಾದ ಸ್ಥಳವೊಂದರ ಚರಿತ್ರೆಯನ್ನು ಬರೆಯಲು ವೈದ್ಯನ ಜೀವನಚರಿತ್ರೆಯ ಮಾದರಿ ಸಾಲದು.

ಮೀರಾಸಾಹೇಬರ ದರ್ಗಾದ ಚರಿತ್ರೆಯಲ್ಲಿ ಇದೇ ಸಂಬಂಧ ನಾದದ ರೂಪ ತಾಳಿದೆ. ಮಿರಜದಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನರ ಸಮಾಧಿ ಇರುವುದು ದರ್ಗಾದ ಆವರಣದಲ್ಲಿ. ಅವರ ನೆನಪಿನ ಸಂಗೀತೋತ್ಸವ ಅಲ್ಲಿಯೇ ನಡೆಯುತ್ತದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಕಿರಾಣಾ ಗಾಯನ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ತಲುಪಿತು. ಮಿರಜ–ಧಾರವಾಡದ ಈ ದಾರಿಯಲ್ಲಿ ಗಡಿಯ ತಕರಾರು ಎಂದೂ ಹುಟ್ಟಲಿಲ್ಲ. ರಾಗಕ್ಕೆ ಭಾಷೆಯ ಹಂಗು ಕಡಿಮೆ ಎಂಬುದು ಅದಕ್ಕೆ ಒಂದು ಕಾರಣ. ಪದಕ್ಕೆ, ಪುಸ್ತಕಕ್ಕೆ, ಶಾಲೆಗೆ ಆ ಸ್ವಾತಂತ್ರ್ಯವಿಲ್ಲ.

5

ಸಾಂಗ್ಲಿ ಜಿಲ್ಲೆಯಲ್ಲಿ ಪ್ಯಾರಿಷ್ ಚರ್ಚಿಗೆ ಹತ್ತಿರದ ಸಮಾನಾಂತರವನ್ನು ಹುಡುಕಿದರೆ ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಗುಡಿಗೆ ಬಂದು ನಿಲ್ಲಬೇಕಾಗುತ್ತದೆ. ಪರಂಪರೆಯ ಕಥನದಂತೆ ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಹುಟ್ಟಿದ್ದು ಅದೇ ತಾಲೂಕಿನ ಉಮರಾಣಿಯಲ್ಲಿ, ಮೊದಲಿನ ಹೆಸರು ಲಿಂಗಮ್ಮ. ಕೊಡುಗೈಯ ಗುಣದಿಂದ ದಾನಮ್ಮ ಎಂಬ ಹೆಸರು ಬಂತು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಉತ್ತರ ಕರ್ನಾಟಕದ ಊರೂರುಗಳಿಂದ ಜನ ನಡೆದು ಬರುತ್ತಾರೆ. ದಾರಿಯ ಹಳ್ಳಿಗಳವರು ಅವರಿಗೆ ನೀರು, ರೊಟ್ಟಿ, ತಂಗಲು ಜಾಗ ಕೊಡುತ್ತಾರೆ. ರಾಜ್ಯದ ಗಡಿ ಈ ದಾರಿಯನ್ನು ಅಡ್ಡ ಹಾಯುತ್ತದೆ, ದಾರಿ ಮಾತ್ರ ಮುರಿಯುವುದಿಲ್ಲ. ವಚನಗಳಲ್ಲಿ, ಭಜನೆಯಲ್ಲಿ, ಹೆಂಗಸರ ಹಾಡುಗಳಲ್ಲಿ ಇಲ್ಲಿಯ ಆರಾಧನೆಯ ನುಡಿ ಕನ್ನಡ.

ಈ ಗುಡಿಯ ಸುತ್ತಲಿನ ಆಡಳಿತದ ಚರಿತ್ರೆಯನ್ನು ಕೆಲವೇ ವರ್ಷಗಳಲ್ಲಿ ಹೇಳಿ ಮುಗಿಸಬಹುದು. 1948ರಲ್ಲಿ ಸಾಂಗ್ಲಿ, ಮಿರಜ, ಜತ್ತ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ರಚನೆಯಾಯಿತು. 1956ರ ಪುನರ್ವಿಂಗಡಣೆಯಲ್ಲಿ ಜತ್ತ ಮುಂಬಯಿಯಲ್ಲೇ ಉಳಿಯಿತು. 1960ರಲ್ಲಿ ಜಿಲ್ಲೆಗೆ ಸಾಂಗ್ಲಿಯ ಹೆಸರು ಬಂತು. 1967ರಲ್ಲಿ ಮಹಾಜನ ಆಯೋಗ ಎರಡೂ ಕಡೆಯ ಹಳ್ಳಿಗಳನ್ನು ಎಣಿಸಿ ವರದಿ ಕೊಟ್ಟಿತು, ಅದು ಜಾರಿಯಾಗಲಿಲ್ಲ. 2022ರಲ್ಲಿ ಜತ್ತದ ಹಳ್ಳಿಗಳ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂದಾಗ ಎರಡು ಸರಕಾರಗಳು ನೆಲದ ಮಾತನಾಡಿದವು; ಹಳ್ಳಿಗರ ಮೂಲ ಬೇಡಿಕೆ ನೀರಿನದಾಗಿತ್ತು. ಎಣಿಕೆಗೆ ಸಿಗುವ ಕನ್ನಡಿಗರಾಗಿ ಅವರು ಎರಡೂ ಕಡೆಗೆ ಬೇಕಾದವರು, ಓದುಗರಾಗಿ ಯಾರಿಗೂ ಬೇಕಾದವರಲ್ಲ.

ಗುಡ್ಡಾಪುರದ ಜಾತ್ರೆಯನ್ನು ಕಂಡು ಗಡಿನಾಡಿನ ಕನ್ನಡ ಸುರಕ್ಷಿತವೆಂದು ನೆಮ್ಮದಿಪಡುವುದು ಸರಿಯಲ್ಲ. ವೇಲ್ಸಿನ ಅನುಭವ ಎಚ್ಚರಿಸುವುದು ಇಲ್ಲಿಯೇ. ಆರಾಧನೆ ಒಂದು ನುಡಿಯನ್ನು ಹಾಡಾಗಿ ಉಳಿಸಬಲ್ಲದು. ಅದನ್ನು ಬರಹವಾಗಿ ಉಳಿಸಲು ಲ್ಯಾಂಡೌರರಿನಲ್ಲಿ ಹುಟ್ಟಿದಂತಹ ಶಾಲೆ ಬೇಕು. ಜತ್ತದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಸಂವಿಧಾನದ 350ಎ ವಿಧಿ ರಾಜ್ಯದ ಹೊಣೆಯಾಗಿಸಿದೆ. ಆದರೆ ಅಲ್ಲಿ ಅಕ್ಷರ ಕಲಿತ ಮಗು ತನ್ನ ಊರನ್ನು ಕುರಿತು ಕನ್ನಡದಲ್ಲಿ ಓದಲು ಏನಿದೆ? ಪಠ್ಯಪುಸ್ತಕದಾಚೆಗೆ ಆ ಮಗುವಿಗೆ ಸಿಗುವ ಸ್ಥಳೀಯ ಬರಹವೆಂದರೆ ಬಹುಮಟ್ಟಿಗೆ ಜಾತ್ರೆಯ ಮಾಹಾತ್ಮ್ಯೆ. ಆದುದರಿಂದಲೇ ಮಾಹಾತ್ಮ್ಯೆಯ ಗುಣಮಟ್ಟ ವಿಮರ್ಶೆಯ ಕಾಳಜಿಯಾಗಬೇಕು. ಅದನ್ನು ಭಕ್ತಿಯ ಸರಕೆಂದು ಬದಿಗೆ ಸರಿಸುವ ವಿದ್ವತ್ತು, ಒಂದು ನುಡಿಯ ಇದ್ದೊಂದು ಊರಪುಸ್ತಕವನ್ನು ಬದಿಗೆ ಸರಿಸುತ್ತದೆ.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ವೆಲ್ಷ್ ತನ್ನ ನಾಡಿನಲ್ಲಿಯೇ ಅಲ್ಪಸಂಖ್ಯಾತವಾದ ಭಾಷೆ; ಜತ್ತದ ಕನ್ನಡಕ್ಕೆ ಕೆಲವೇ ಹರದಾರಿಯಾಚೆ ಒಂದು ರಾಜ್ಯ, ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಕೋಟ್ಯಂತರ ಓದುಗರಿದ್ದಾರೆ. ಈ ಅನುಕೂಲವೇ ಅಪಾಯವೂ ಆಗಿದೆ. ಆ ಕನ್ನಡವನ್ನು ನೋಡಿಕೊಳ್ಳುವವರು ಗಡಿಯಾಚೆ ಇದ್ದಾರೆಂದು ಮಹಾರಾಷ್ಟ್ರ ಭಾವಿಸಬಹುದು. ಅದು ಬೇರೆ ರಾಜ್ಯದ ಆಡಳಿತದ ವಿಷಯವೆಂದು ಕರ್ನಾಟಕ ಭಾವಿಸಬಹುದು. ವೆಲ್ಷ್ ಹಳ್ಳಿಗೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳದೆ ಗತಿಯಿರಲಿಲ್ಲ. ಜತ್ತದ ಹಳ್ಳಿಗೆ ತನ್ನ ಕೆಲಸವನ್ನು ಬೇರೆಯವರು ಮಾಡುತ್ತಿದ್ದಾರೆಂಬ ಭ್ರಮೆ ಉಳಿದಿದೆ.

ಸಾಂಗ್ಲಿ–ಮಿರಜ ಸೀಮೆಗೆ ಬೇಕಾದ ಸ್ಥಳಚರಿತ್ರೆ ಹೇಗಿರಬೇಕು ಎಂಬುದು ಇಷ್ಟರಿಂದ ಸ್ಪಷ್ಟವಾಗುತ್ತದೆ. ಅದು ಕನ್ನಡ, ಮರಾಠಿ ಎರಡರಲ್ಲಿಯೂ ಒಂದೇ ಪುಸ್ತಕವಾಗಿ ಅಚ್ಚಾಗಬೇಕು. ನೆರೆಯವರು ಓದಲಾಗದ ಚರಿತ್ರೆ ನೆರೆಯವರ ಅನುಮಾನಕ್ಕೆ ಗುರಿಯಾಗುತ್ತದೆ. ಊರಿನ ಶಾಸನದ ಪೂರ್ಣ ಪಾಠವೂ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ತಿಳಿಯುವಂತಹ ಹೊಸಗನ್ನಡದ, ಮರಾಠಿಯ ಅರ್ಥವೂ ಅದರಲ್ಲಿರಬೇಕು. ಪವಾಡವನ್ನು ಪವಾಡವಾಗಿ, ದಾಖಲೆಯನ್ನು ದಾಖಲೆಯಾಗಿ ಹೇಳಬೇಕು. ಒಂದನ್ನು ಇನ್ನೊಂದಾಗಿ ಮಾರಬಾರದು. ದಾನಿಗಳ, ಅರ್ಚಕರ, ವೈದ್ಯರ ಪಟ್ಟಿಯ ಜೊತೆಗೆ ನಡೆದು ಬಂದವರ, ಅಡುಗೆ ಮಾಡಿದವರ, ಹಾಡಿದವರ ಮಾತು ಅವರ ನುಡಿಯಲ್ಲೇ ದಾಖಲಾಗಬೇಕು. ಜನ ಗುಡಿಯನ್ನೋ ಚರ್ಚನ್ನೋ ಬಿಟ್ಟುಹೋದ ಕಾಲವಿದ್ದರೆ ಅದಕ್ಕೂ ಒಂದು ಅಧ್ಯಾಯ ಬೇಕು.

ಮಿರಿಂಜೆಯ ವರ್ತಕರು ತಮ್ಮ ದಾನವನ್ನು ಕಲ್ಲಿನಲ್ಲಿ ಬರೆಸಿದ್ದು ಮುಂದಿನವರು ಓದುತ್ತಾರೆಂಬ ಭರವಸೆಯಿಂದ. ಆ ಕಲ್ಲು ಯಾವ ರಾಜ್ಯದಲ್ಲಿದೆ ಎಂಬ ವಾದ ಎಪ್ಪತ್ತು ವರ್ಷಗಳಿಂದ ನಡೆದಿದೆ. ಅದನ್ನು ಓದಬಲ್ಲ ಒಂದು ಮಗುವನ್ನು ಅದೇ ಊರಿನಲ್ಲಿ ಬೆಳೆಸುವುದಕ್ಕೆ ಅಷ್ಟು ಕಾಲ ಬೇಕಾಗದು. ಒಬ್ಬ ಮೇಷ್ಟ್ರು, ಒಂದು ಪುಸ್ತಕ, ನಾಲ್ಕಾರು ತಿಂಗಳು ಸಾಕೆಂಬುದನ್ನು ಲ್ಯಾಂಡೌರರಿನ ಪಾದ್ರಿ ಎಂದೋ ತೋರಿಸಿಕೊಟ್ಟಿದ್ದಾನೆ.